ಆಟಗಾರ ನಿಂತ ಜಾಗವನ್ನೂ ಅಚ್ಚು ಹಾಕಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರ ತಮ್ಮ ಪತ್ರಿಕೆಯ ಕ್ರೀಡಾಪುಟದಲ್ಲಿ ಫ್ಯಾಂಟಸಿ ಫುಟ್‌ಬಾಲ್ (ನಿಜವಾದ ಆಟಗಾರರನ್ನು ಆರಿಸಿ ಕಾಲ್ಪನಿಕ ತಂಡ ಕಟ್ಟಿ, ಪಂದ್ಯಗಳಲ್ಲಿ ಅವರು ಆಡಿದ್ದಕ್ಕೆ ತಕ್ಕಂತೆ ಅಂಕ ಗಳಿಸುವ ಆಟ) ಆಡುವ ಯುವಕರ ಕುರಿತು ಒಂದು ಲೇಖನ ಬಂದಿತ್ತು. ಕನ್ನಡ ಪತ್ರಿಕೆಯೊಂದು ಈ ಆಟದ ಕಡೆಗೆ ಕಣ್ಣು ಹಾಯಿಸಿದ್ದು ಕಾಸರಗೋಡಿನ ನಮ್ಮಂಥ ಓದುಗರಿಗೆ ನಿಜಕ್ಕೂ ಸಂತೋಷದ ವಿಷಯ. ಆದರೆ ಲೇಖನದ ಕೊನೆಗೆ ಕೊಟ್ಟಿದ್ದ, ಡ್ರಾಫ್ಟಿನಲ್ಲಿ, ಎಂದರೆ ಸರದಿಯಂತೆ ಆಟಗಾರರನ್ನು ಹಂಚಿಕೊಳ್ಳುವಾಗ, ಆರಿಸಬೇಕಾದ ಹನ್ನೊಂದು ಮಂದಿಯ ಪಟ್ಟಿಯನ್ನು ನೋಡಿ ಬೇಸರವಾಯಿತು. ಕಳೆದ ಋತುವಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ಮತ್ತು ಅತಿ ಹೆಚ್ಚು ಹಣಕ್ಕೆ ಕ್ಲಬ್ಬು ಬದಲಿಸಿದವರನ್ನು ಬಿಟ್ಟರೆ ಅದರಲ್ಲಿ ಬೇರೊಂದು ಹೆಸರಿರಲಿಲ್ಲ. ಆ ಹನ್ನೊಂದು ಹೆಸರುಗಳು ಒಂಬತ್ತನೇ ತರಗತಿಯ ಹುಡುಗನಿಗೂ ಗೊತ್ತಿವೆ. ಡ್ರಾಫ್ಟ್ ಗೆಲ್ಲುವುದು ಯಾರ ಬಾಯಲ್ಲೂ ಇಲ್ಲದ ಹೆಸರುಗಳಿಂದ, ಅವುಗಳನ್ನು ಹುಡುಕುವುದಕ್ಕೆ ಬೇಕಾದ ವಿವರ ಕನ್ನಡದಲ್ಲಿ ಎಲ್ಲಿಯೂ ಸಿಗುತ್ತಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಪೆರ್ಲದ ಹತ್ತಿರ ಅಡಿಕೆ ಕೃಷಿ ಮಾಡುವವನು. ನಮ್ಮ ಪೇಟೆಯ ಒಂದು ದರ್ಜಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಪ್ರತಿ ವರ್ಷ, ಹೆಚ್ಚಾಗಿ ಆಗಸ್ಟ್ ತಿಂಗಳಲ್ಲಿ, ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಶುರುವಾಗುವುದಕ್ಕೆ ಎರಡು ದಿನ ಮೊದಲು, ನಾವು ಎಂಟು ಮಂದಿ ಸೇರುತ್ತೇವೆ. ಅಂಗಡಿಯ ದರ್ಜಿ, ಔಷಧ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬರು, ಒಬ್ಬ ಆಟೋ ಚಾಲಕ, ಇಬ್ಬರು ಶಾಲಾ ಅಧ್ಯಾಪಕರು, ನನ್ನ ಅಕ್ಕನ ಮಗ, ಅವನ ಜೊತೆ ಕಾಲೇಜಿಗೆ ಹೋಗುವ ಒಬ್ಬ ಹುಡುಗ ಮತ್ತು ನಾನು. ಹಣದ ಮಾತು ನಮ್ಮಲ್ಲಿ ಮೊದಲಿನಿಂದಲೂ ಇಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾನೂನು ಮಾಡಿ ನಿಷೇಧಿಸಿದಾಗ, ಅದು ಒಳ್ಳೆಯದಾಯಿತೆಂದು ನಾವು ಎಂಟೂ ಮಂದಿ ಹೇಳಿದವರು. ಋತು ಮುಗಿದ ಸಂಜೆ ಎಲ್ಲರೂ ಸೇರಿ ಗೋಳಿಬಜೆ ತಿಂದು ಚಹಾ ಕುಡಿಯುತ್ತೇವೆ. ಗೆದ್ದವರ ಹೆಸರು ದರ್ಜಿಯವರ ಅಳತೆ ಪುಸ್ತಕದ ಕೊನೆಯ ಪುಟಕ್ಕೆ ಸೇರುತ್ತದೆ.

ಡ್ರಾಫ್ಟ್ ಎಂದರೇನೆಂದು ತಿಳಿಯದ ಓದುಗರಿಗಾಗಿ ಎರಡು ಮಾತು ಹೇಳಬೇಕು. ಸಾಮಾನ್ಯ ಫ್ಯಾಂಟಸಿ ಆಟದಲ್ಲಿ 10 ಕೋಟಿ ಪೌಂಡಿನ ಕಾಲ್ಪನಿಕ ಬಜೆಟ್ ಇರುತ್ತದೆ, ಒಬ್ಬನೇ ಆಟಗಾರನನ್ನು ಲಕ್ಷಾಂತರ ಮಂದಿ ತಮ್ಮ ತಂಡಕ್ಕೆ ಸೇರಿಸಿಕೊಳ್ಳಬಹುದು. ಡ್ರಾಫ್ಟಿನಲ್ಲಿ ಬಜೆಟ್ ಇಲ್ಲ, ನಾಯಕನಿಗೆ ಇಮ್ಮಡಿ ಅಂಕವೂ ಇಲ್ಲ. ಒಬ್ಬ ಆಟಗಾರ ಗುಂಪಿನಲ್ಲಿ ಒಬ್ಬರಿಗೆ ಮಾತ್ರ ಸೇರುತ್ತಾನೆ. ಚೀಟಿ ಎತ್ತಿ ಸರದಿ ನಿಶ್ಚಯಿಸಿ, ಮೊದಲ ಸುತ್ತಿನಲ್ಲಿ ಒಂದರಿಂದ ಎಂಟರ ವರೆಗೆ, ಎರಡನೇ ಸುತ್ತಿನಲ್ಲಿ ಎಂಟರಿಂದ ಒಂದರ ವರೆಗೆ, ಹೀಗೆ ಹಾವು ಹರಿದ ಹಾಗೆ ಹದಿನೈದು ಸುತ್ತು ಆರಿಸುತ್ತಾ ಹೋಗಬೇಕು. ಪ್ರತಿಯೊಬ್ಬರಿಗೂ ಇಬ್ಬರು ಗೋಲ್‌ಕೀಪರ್, ಐವರು ಡಿಫೆಂಡರ್ (ಹಿಂದೆ ನಿಂತು ತಡೆಯುವವರು), ಐವರು ಮಿಡ್‌ಫೀಲ್ಡರ್ (ನಡುವಿನಲ್ಲಿ ಆಡುವವರು), ಮೂವರು ಫಾರ್ವರ್ಡ್ (ಮುಂದೆ ನಿಂತು ಗೋಲು ಹೊಡೆಯುವವರು). ಆಮೇಲೆ ಯಾರೂ ಆರಿಸದೆ ಉಳಿದವರನ್ನು ವಾರವಾರ ಬದಲಿ ತೆಗೆದುಕೊಳ್ಳಬಹುದು, ಪಟ್ಟಿಯ ತಳದಲ್ಲಿರುವವರಿಗೆ ಆ ಅವಕಾಶ ಮೊದಲು ಸಿಗುತ್ತದೆ.

ಈ ಲೆಕ್ಕವನ್ನು ಒಂದು ಹಾಳೆಯ ಮೇಲೆ ಬರೆದು ನೋಡಿದರೆ, ಯಾರ ಬೆಲೆ ನಿಜಕ್ಕೂ ಹೆಚ್ಚು, ಯಾರದ್ದು ಬರಿಯ ಹೆಸರು ಎಂಬುದು ಅರ್ಧದಷ್ಟು ಅಲ್ಲಿಯೇ ತಿಳಿಯುತ್ತದೆ. ಲೀಗಿನಲ್ಲಿ 20 ಕ್ಲಬ್ಬುಗಳಿವೆ. ಎಂಟು ಮಂದಿಗೆ ತಲಾ ಮೂವರಂತೆ 24 ಫಾರ್ವರ್ಡ್‌ಗಳು ಬೇಕು, ಆದರೆ ಇಂದು ಬಹುತೇಕ ಕ್ಲಬ್ಬುಗಳು ಮುಂದೆ ಒಬ್ಬನನ್ನೇ ನಿಲ್ಲಿಸಿ ಆಡುವುದರಿಂದ, ಪ್ರತಿ ವಾರ ಮೊದಲ ಹನ್ನೊಂದರಲ್ಲಿ ಇರುವ ಫಾರ್ವರ್ಡ್‌ಗಳು ಲೀಗಿನಲ್ಲಿ ಅಷ್ಟು ಮಂದಿ ಇರುವುದೇ ಕಷ್ಟ. ಡಿಫೆಂಡರ್‌ಗಳ ವಿಷಯ ಹಾಗಲ್ಲ. ನಮಗೆ ಬೇಕಾದದ್ದು 40 ಮಂದಿ, ವಾರವಾರ ಆಡುವವರು 80ರ ಆಸುಪಾಸು. ಗೋಲ್‌ಕೀಪರ್‌ಗಳಲ್ಲಿ 16 ಮಂದಿ ಹೋದ ಮೇಲೂ ನಾಲ್ಕು ಕ್ಲಬ್ಬುಗಳ ಖಾಯಂ ಕೀಪರ್‌ಗಳು ಉಳಿದಿರುತ್ತಾರೆ. ಹಾಗಿರುವಾಗ ನಾಲ್ಕನೇ ಸುತ್ತಿನಲ್ಲಿ ದೊಡ್ಡ ಕ್ಲಬ್ಬಿನ ಗೋಲ್‌ಕೀಪರನ್ನು ಹಿಡಿಯುವವರು ಒಂದು ಸುತ್ತನ್ನು ಸುಮ್ಮನೆ ಕಳೆದುಕೊಂಡರೆಂದೇ ನನ್ನ ಅಭಿಪ್ರಾಯ. ಆ ಕೀಪರ್‌ಗೂ ಹದಿನಾಲ್ಕನೇ ಸುತ್ತಿನಲ್ಲಿ ಸಿಗುವ ಕೀಪರ್‌ಗೂ ವರ್ಷದ ಕೊನೆಗೆ ಇರುವ ಅಂತರಕ್ಕಿಂತ, ಖಾಯಂ ಆಡುವ ಫಾರ್ವರ್ಡ್‌ಗೂ ಬೆಂಚಿನ ಫಾರ್ವರ್ಡ್‌ಗೂ ಇರುವ ಅಂತರ ಬಹಳ ದೊಡ್ಡದು.

ಫಾರ್ವರ್ಡ್ ಎಂದ ಕೂಡಲೇ ಎಲ್ಲರೂ ಗೋಲು ನೋಡುತ್ತಾರೆ. ನಾನು ಮೊದಲು ನೋಡುವುದು ಎಷ್ಟು ನಿಮಿಷ ಆಡಿದ್ದಾರೆ ಎಂಬುದನ್ನು. 60 ನಿಮಿಷ ಮೈದಾನದಲ್ಲಿದ್ದರೆ 2 ಅಂಕ, ಅದಕ್ಕಿಂತ ಕಡಿಮೆಯಾದರೆ 1. ದೊಡ್ಡ ಕ್ಲಬ್ಬಿನಲ್ಲಿ ಸರದಿಯ ಮೇಲೆ ಆಡುವ ಒಬ್ಬರು ವರ್ಷದಲ್ಲಿ 20 ಪಂದ್ಯ ಪೂರ್ತಿ ಆಡಿ 10 ಗೋಲು ಹೊಡೆದರೆ, ಆಡಿದ್ದಕ್ಕೆ 40, ಗೋಲಿಗೆ ತಲಾ 4ರಂತೆ 40, ಒಟ್ಟು 80. ಕೆಳಗಿನ ಕ್ಲಬ್ಬಿನಲ್ಲಿ 36 ಪಂದ್ಯ ಆಡಿ 9 ಗೋಲು ಹೊಡೆದವರಿಗೆ 72 ಮತ್ತು 36, ಒಟ್ಟು 108. ಮೊದಲನೆಯವರು ಇಲ್ಲದ ವಾರಗಳಲ್ಲಿ ಬೇರೆಯವರನ್ನು ಆಡಿಸಬಹುದಲ್ಲ ಎಂದು ನಮ್ಮ ಅಧ್ಯಾಪಕರೊಬ್ಬರು ಪ್ರತಿ ವರ್ಷ ವಾದಿಸುತ್ತಾರೆ. ಆದರೆ ಖಾಯಂ ಆಡುವ ಫಾರ್ವರ್ಡ್‌ಗಳೇ ಮುಗಿದುಹೋಗಿರುವ ಗುಂಪಿನಲ್ಲಿ ಆ ಬೇರೆಯವರು ಎಲ್ಲಿಂದ ಬರಬೇಕು? 2024–25ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನ ಕ್ರಿಸ್ ವುಡ್ 20 ಲೀಗ್ ಗೋಲು ಹೊಡೆದರು. ನ್ಯೂಜಿಲೆಂಡಿನ ಈ ಆಟಗಾರನಿಗೆ ಆ ಡಿಸೆಂಬರ್‌ನಲ್ಲಿ 33 ತುಂಬಿತ್ತು. ವಯಸ್ಸಾಯಿತು, ಓಟವಿಲ್ಲ ಎಂದು ನಮ್ಮ ಕೋಣೆಯಲ್ಲಿ ಅವರನ್ನು ಹನ್ನೊಂದನೇ ಸುತ್ತಿನ ವರೆಗೆ ಯಾರೂ ಕೇಳಲಿಲ್ಲ. ಕೇಳಿದವರು ಆಟೋ ಚಾಲಕರು. ಫಾರೆಸ್ಟ್‌ನಲ್ಲಿ ಅವರ ಜಾಗಕ್ಕೆ ಪೈಪೋಟಿಗೆ ಯಾರಿದ್ದಾರೆ ಎಂಬ ಒಂದೇ ಪ್ರಶ್ನೆಯನ್ನು ಅವರು ಕೇಳಿಕೊಂಡಿದ್ದರು.

ಎರಡನೆಯದು ಆಟಗಾರ ಎಲ್ಲಿ ನಿಲ್ಲುತ್ತಾನೆ ಎಂಬುದು. ಇದರಲ್ಲಿ ನನಗೆ ಪಾಠ ಕಲಿಸಿದವರು ನಮ್ಮ ದರ್ಜಿ. ಒಂದೇ ಗೋಲಿಗೆ ಡಿಫೆಂಡರ್‌ಗೆ 6, ಮಿಡ್‌ಫೀಲ್ಡರ್‌ಗೆ 5, ಫಾರ್ವರ್ಡ್‌ಗೆ 4 ಅಂಕ. ತಂಡ ಎದುರಾಳಿಗೆ ಒಂದೂ ಗೋಲು ಬಿಟ್ಟುಕೊಡದಿದ್ದರೆ ಡಿಫೆಂಡರ್‌ಗೆ 4, ಮಿಡ್‌ಫೀಲ್ಡರ್‌ಗೆ 1. ಹಾಗಾಗಿ ಆಟದ ಪಟ್ಟಿಯಲ್ಲಿ ಡಿಫೆಂಡರ್ ಎಂದು ಬರೆದಿರುವ ವ್ಯಕ್ತಿ ಮೈದಾನದಲ್ಲಿ ಮುಂದೆ ಆಡುತ್ತಿದ್ದರೆ ಅದಕ್ಕಿಂತ ದೊಡ್ಡ ಲಾಭ ಮತ್ತೊಂದಿಲ್ಲ. 2019ರ ಆಗಸ್ಟ್‌ನಲ್ಲಿ ಶೆಫೀಲ್ಡ್ ಯುನೈಟೆಡ್ ಕೆಳಗಿನ ಲೀಗಿನಿಂದ ಏರಿ ಬಂದಿತ್ತು. ಅದರ ಜಾನ್ ಲಂಡ್‌ಸ್ಟ್ರಮ್ ಎಂಬವರನ್ನು ನಮ್ಮ ಡ್ರಾಫ್ಟಿನಲ್ಲಿ ಆರಿಸುವುದಿರಲಿ, ಹೆಸರನ್ನು ಓದಿದವರೂ ಇರಲಿಲ್ಲ. ಸಾಮಾನ್ಯ ಆಟದಲ್ಲಿ ಅವರ ಬೆಲೆ 40 ಲಕ್ಷ ಪೌಂಡ್, ಎಂದರೆ ಡಿಫೆಂಡರ್‌ಗಳಲ್ಲಿ ಅತ್ಯಂತ ಅಗ್ಗ. ಮೊದಲ ಶನಿವಾರ ಕಳೆದು ಸೋಮವಾರ ನಾನು ಅಂಗಿಯ ಅಳತೆ ಕೊಡಲು ಹೋದಾಗ ದರ್ಜಿಯವರು ಮಲಯಾಳ ಪತ್ರಿಕೆಯೊಂದನ್ನು ಹೊಲಿಗೆ ಯಂತ್ರದ ಹಲಗೆಯ ಮೇಲೆ ಹರಡಿ, ಮೈದಾನದಲ್ಲಿ ಯಾರು ಎಲ್ಲಿ ನಿಂತರೆಂದು ತೋರಿಸುವ ಚಿತ್ರದ ಮೇಲೆ ಬಳಪದ ತುಂಡಿನಿಂದ ಒಂದು ಹೆಸರಿಗೆ ವೃತ್ತ ಹಾಕುತ್ತಿದ್ದರು. "ಡಿಫೆಂಡರ್ ಎಂದು ಹಾಕಿದ್ದಾರೆ ಭಾವ, ಆದರೆ ಈ ಜನ ನಿಂತದ್ದು ನಡುವಿನಲ್ಲಿ, ನೋಡಿ" ಎಂದರು. ಆ ವಾರವೇ ಬದಲಿಯಾಗಿ ಅವರನ್ನು ತೆಗೆದುಕೊಂಡರು. ಮುಂದಿನ ಭಾನುವಾರ ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ ಶೆಫೀಲ್ಡ್ 1–0ಯಿಂದ ಗೆದ್ದಿತು. ಆ ಒಂದು ಗೋಲು ಲಂಡ್‌ಸ್ಟ್ರಮ್ ಅವರದ್ದೇ. ಗೋಲಿಗೆ ಆರು, ಗೋಲು ಬಿಡದ್ದಕ್ಕೆ ನಾಲ್ಕು. ಆ ಋತುವಿನಲ್ಲಿ ಅವರು ಲೀಗಿನಲ್ಲಿ 5 ಗೋಲು ಹೊಡೆದರು, ದರ್ಜಿಯವರು ನಮ್ಮೆಲ್ಲರಿಗಿಂತ ಮುಂದೆ ಹೋದರು.

ಆ ಚಿತ್ರ ಮಲಯಾಳ ಪತ್ರಿಕೆಯಲ್ಲಿತ್ತು ಎಂಬುದನ್ನು ಸಂಪಾದಕರು ದಯವಿಟ್ಟು ಗಮನಿಸಬೇಕು. ನಾನು ಮನೆಗೆ ತರಿಸುವುದು ಕನ್ನಡ ಪತ್ರಿಕೆ. ಮಲಯಾಳ ಮಾತನಾಡಲು ನನಗೆ ಬರುತ್ತದೆ, ಓದುವುದಕ್ಕೆ ತಡವರಿಸುತ್ತೇನೆ. ಕನ್ನಡ ಮಾಧ್ಯಮದಲ್ಲಿ ಕಲಿತ ನನ್ನ ವಯಸ್ಸಿನ ಹೆಚ್ಚಿನವರ ಸ್ಥಿತಿ ಇಲ್ಲಿ ಹೀಗೆಯೇ. ಅದೇ ಸೋಮವಾರ ನನ್ನ ಪತ್ರಿಕೆಯಲ್ಲಿ ಅದೇ ಪಂದ್ಯದ ಬಗ್ಗೆ ಇದ್ದದ್ದು ಸ್ಕೋರು ಮಾತ್ರ.

ಮೂರನೆಯದು ನಿಂತ ಚೆಂಡಿನ ಹಕ್ಕು, ಅಂದರೆ ಪೆನಾಲ್ಟಿ, ಕಾರ್ನರ್, ಫ್ರೀ ಕಿಕ್‌ಗಳನ್ನು ಯಾರು ಒದೆಯುತ್ತಾರೆ ಎಂಬುದು. ಪೆನಾಲ್ಟಿ ನಾಲ್ಕರಲ್ಲಿ ಮೂರು ಬಾರಿ ಗೋಲಾಗುತ್ತದೆ. ತಂಡವೊಂದರಲ್ಲಿ ಆ ಕೆಲಸ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದ ದಿನ, ಆ ಇನ್ನೊಬ್ಬರ ಬೆಲೆ ಏರುತ್ತದೆ. ಅದು ಪಟ್ಟಿಯಲ್ಲಿ ಕಾಣುವುದಕ್ಕೆ ವಾರಗಳು ಹಿಡಿಯುತ್ತವೆ. 2023ರ ಸೆಪ್ಟೆಂಬರ್ 1ರಂದು ಮ್ಯಾಂಚೆಸ್ಟರ್ ಸಿಟಿಯಿಂದ ಚೆಲ್ಸಿಗೆ ಬಂದ ಕೋಲ್ ಪಾಮರ್, ಡ್ರಾಫ್ಟ್ ಮುಗಿದ ಮೇಲೆ ಬಂದವರಾದ್ದರಿಂದ, ನಮ್ಮಲ್ಲಿ ಯಾರ ಬಳಿಯೂ ಇರಲಿಲ್ಲ. ಅಕ್ಟೋಬರ್ 7ರಂದು ಬರ್ನ್‌ಲಿ ವಿರುದ್ಧ ಅವರು ಚೆಲ್ಸಿಗಾಗಿ ಮೊದಲ ಲೀಗ್ ಗೋಲು ಹೊಡೆದದ್ದು ಪೆನಾಲ್ಟಿಯಿಂದ. ಒಂದು ಗೋಲಾಯಿತು ಎಂದು ನಾವು ಓದಿ ಬಿಟ್ಟೆವು. ತಂಡದಲ್ಲಿ ಅಷ್ಟು ಹಿರಿಯರಿರುವಾಗ ಈ ಹುಡುಗನ ಕೈಗೆ ಚೆಂಡು ಯಾಕೆ ಬಂತು ಎಂದು ಯೋಚಿಸಿದ ಔಷಧ ಅಂಗಡಿಯವರು ಅದೇ ರಾತ್ರಿ ಅವರನ್ನು ಕೇಳಿ ಇಟ್ಟರು. ಋತು ಮುಗಿದಾಗ ಪಾಮರ್ ಅವರ ಲೆಕ್ಕದಲ್ಲಿ 22 ಗೋಲುಗಳಿದ್ದವು, ಅದರಲ್ಲಿ 9 ಪೆನಾಲ್ಟಿ. ಜೊತೆಗೆ 11 ಅಸಿಸ್ಟ್, ಎಂದರೆ ಇನ್ನೊಬ್ಬರ ಗೋಲಿಗೆ ಚೆಂಡು ಒದಗಿಸಿದ್ದು. ಆ ವರ್ಷ ಇಡೀ ಫ್ಯಾಂಟಸಿ ಆಟದಲ್ಲಿ ಅವರಷ್ಟು ಅಂಕ ಬೇರೆ ಯಾರಿಗೂ ಬರಲಿಲ್ಲ.

ಕಾರ್ನರ್ ಒದೆಯುವವರನ್ನಂತೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಜಿಲ್ಲೆಯ ತ್ರಿಕ್ಕರಿಪುರದ ಮುಹಮ್ಮದ್ ರಾಫಿ 2016ರ ಡಿಸೆಂಬರ್ 18ರಂದು ಕೊಚ್ಚಿಯಲ್ಲಿ ನಡೆದ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲಿನಲ್ಲಿ ಕೇರಳ ಬ್ಲಾಸ್ಟರ್ಸ್ ಪರವಾಗಿ ತಲೆಯಿಂದ ಗೋಲು ಹೊಡೆದದ್ದು ಇಲ್ಲಿನವರಿಗೆ ಇಂದಿಗೂ ನೆನಪಿದೆ. ಕೋಲ್ಕತ್ತದ ತಂಡ ಅದನ್ನು ಸರಿಗಟ್ಟಿದ್ದೂ ತಲೆಯ ಗೋಲಿನಿಂದಲೇ. ಎರಡೂ ಕಾರ್ನರ್‌ನಿಂದ ಬಂದವು. ಆ ರಾತ್ರಿಯ ಗೋಲನ್ನು ನೆನೆಯುವ ಹತ್ತು ಮಂದಿಯಲ್ಲಿ ಕಾರ್ನರ್ ಒದ್ದವರು ಯಾರೆಂದು ಹೇಳಬಲ್ಲವರು ಒಬ್ಬರಿದ್ದರೆ ಹೆಚ್ಚು. ಫ್ಯಾಂಟಸಿ ಆಟದಲ್ಲಿ ಅಂಥ ಒದೆತದಿಂದ ಇನ್ನೊಬ್ಬರು ಗೋಲು ಹೊಡೆದರೆ ಒದ್ದವರಿಗೆ 3 ಅಂಕ. ವಾರಕ್ಕೆ ಆರೇಳು ಕಾರ್ನರ್ ಒದೆಯುವ ಸಾಧಾರಣ ಮಿಡ್‌ಫೀಲ್ಡರ್ ಒಬ್ಬ ಹನ್ನೆರಡನೇ ಸುತ್ತಿನಲ್ಲಿ ಸಿಕ್ಕಿದರೆ ಬಿಡಬಾರದು.

2025–26ರ ಋತುವಿನಿಂದ ಬಂದ ಹೊಸ ನಿಯಮವನ್ನು ತಮ್ಮ ಲೇಖನ ಹೇಳಿಯೇ ಇಲ್ಲ, ನನಗೆ ಅತಿ ಹೆಚ್ಚು ಬೇಸರವಾದದ್ದು ಅದಕ್ಕೆ. ಡಿಫೆಂಡರ್ ಒಬ್ಬ ಒಂದು ಪಂದ್ಯದಲ್ಲಿ ಚೆಂಡನ್ನು ಹೊರಹಾಕಿದ್ದು, ಹೊಡೆತಕ್ಕೆ ಅಡ್ಡ ಬಂದದ್ದು, ನಡುವೆ ತಡೆದದ್ದು, ಟ್ಯಾಕ್ಲ್ ಮಾಡಿದ್ದು, ಇವೆಲ್ಲ ಸೇರಿ 10 ಆದರೆ ಈಗ 2 ಅಂಕ. ಮಿಡ್‌ಫೀಲ್ಡರ್ ಮತ್ತು ಫಾರ್ವರ್ಡ್‌ಗಳಿಗೆ, ಕಳೆದುಹೋದ ಚೆಂಡನ್ನು ಮರಳಿ ಪಡೆದದ್ದೂ ಸೇರಿ, 12 ಆಗಬೇಕು. ಇದರಿಂದ ಡ್ರಾಫ್ಟಿನ ಲೆಕ್ಕವೇ ಬದಲಾಗಿದೆ. ಮೊದಲಾದರೆ ಪ್ರತಿ ವಾರ ಗೋಲು ಬಿಡುವ ತಂಡದ ಡಿಫೆಂಡರನ್ನು ಕೇಳುವವರೇ ಇರಲಿಲ್ಲ. ಈಗ ಅಂಥ ತಂಡದ ಮೇಲೆಯೇ ಚೆಂಡು ಹೆಚ್ಚು ಬರುವುದರಿಂದ ಅದನ್ನು ಹೊರಹಾಕುವವನಿಗೆ ಕೆಲಸವೂ ಹೆಚ್ಚು, ಅಂಕವೂ ಹೆಚ್ಚು. ಎವರ್ಟನ್‌ನ ಜೇಮ್ಸ್ ಟಾರ್ಕೋವ್ಸ್ಕಿ ವರ್ಷಗಳಿಂದ ಮಾಡುತ್ತಾ ಬಂದದ್ದು ಇದನ್ನೇ, ಅದಕ್ಕೆ ಅಂಕ ಸಿಗತೊಡಗಿದ್ದು ಈಗ.

ಈ ನಿಯಮ ಬಂದಾಗ ನನಗೆ ನೆನಪಾದದ್ದು ಉಪ್ಪಳದ ಕಡೆ ಗದ್ದೆಯೊಂದರಲ್ಲಿ ಫ್ಲಡ್‌ಲೈಟ್ ಹಾಕಿ ನಡೆಸಿದ್ದ ಒಂದು ಸೆವೆನ್ಸ್ (ತಂಡಕ್ಕೆ ಏಳು ಮಂದಿಯ) ಪಂದ್ಯ. ಅಡಿಕೆ ಮರದ ಸಲಾಕೆ ಕಟ್ಟಿ ಮಾಡಿದ ಗ್ಯಾಲರಿಯಲ್ಲಿ ನಾನು ಮತ್ತು ಅಕ್ಕನ ಮಗ ಕುಳಿತಿದ್ದೆವು. ಒಂದು ತಂಡದ ಹಿಂದಿನ ಸಾಲಿನಲ್ಲಿ ಗಿಡ್ಡಗಿನ ಒಬ್ಬ ಹುಡುಗನಿದ್ದ. ಎಡಗಾಲಿನ ಸಾಕ್ಸ್ ಮತ್ತೆ ಮತ್ತೆ ಜಾರುತ್ತಿತ್ತು, ಚೆಂಡು ಆಚೆ ಹೋದಾಗಲೆಲ್ಲ ಬಗ್ಗಿ ಅದನ್ನು ಎಳೆದುಕೊಂಡು ಮತ್ತೆ ಸಿದ್ಧನಾಗುತ್ತಿದ್ದ. ಅವನು ಚೆಂಡನ್ನು ಹೊರಗಟ್ಟಿದ್ದನ್ನು ಅಕ್ಕನ ಮಗ ಅಂಗೈಯಲ್ಲಿ ಪೆನ್ನಿನಿಂದ ಗೆರೆ ಎಳೆದು ಎಣಿಸಿದ. ಆಟ ಮುಗಿದಾಗ ಹದಿನಾಲ್ಕು ಗೆರೆಗಳಾಗಿದ್ದವು. ತಂಡ ಒಂದು ಗೋಲಿನಿಂದ ಗೆದ್ದಿತು, ಉತ್ತಮ ಆಟಗಾರನ ಟ್ರೋಫಿ ಆ ಗೋಲು ಹೊಡೆದವನಿಗೆ ಹೋಯಿತು. ಮರುದಿನದ ಸ್ಥಳೀಯ ಸುದ್ದಿಯಲ್ಲಿ ಇದ್ದದ್ದೂ ಅವನ ಹೆಸರೇ. ಹಿಂದಿನ ಸಾಲಿನ ಆ ಹುಡುಗನ ಹೆಸರು ನಮಗೆ ಇಂದಿಗೂ ತಿಳಿಯದು.

ಅಗ್ಗಕ್ಕೆ ಸಿಕ್ಕಿದ್ದೆಲ್ಲ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಅಂಗಳದಲ್ಲಿ ಒಣಗಿದ ಅಡಿಕೆಯನ್ನು ಆರಿಸುವಾಗ ಹೊರಗಿನಿಂದ ಚಂದ ಕಾಣುವುದು ಒಡೆದರೆ ಒಳಗೆ ಕೆಟ್ಟು ಕೋಕವಾಗಿರುವುದನ್ನು ನಾವೆಲ್ಲ ಕಂಡಿದ್ದೇವೆ. 2019ರಲ್ಲಿಯೇ ನಾರ್ವಿಚ್‌ನ ಟೀಮು ಪುಕ್ಕಿ ಮೊದಲ ಮೂರು ಪಂದ್ಯಗಳಲ್ಲಿ 5 ಗೋಲು ಹೊಡೆದಾಗ, ನಾನು ಒಳ್ಳೆಯ ಮಿಡ್‌ಫೀಲ್ಡರ್ ಒಬ್ಬರನ್ನು ಅಧ್ಯಾಪಕರಿಗೆ ಕೊಟ್ಟು ಅವರನ್ನು ಪಡೆದೆ. ವರ್ಷ ಮುಗಿದಾಗ ಪುಕ್ಕಿ ಅವರ ಒಟ್ಟು ಗೋಲು 11, ನಾರ್ವಿಚ್ ಕೆಳಗಿನ ಲೀಗಿಗೆ ಇಳಿಯಿತು. ಮೂರು ವಾರದ ಗೋಲುಗಳಿಂದ ಏನನ್ನೂ ತೀರ್ಮಾನಿಸಬಾರದು. ಯಾವ ಜಾಗದಿಂದ ಎಷ್ಟು ಹೊಡೆತ ಹೊಡೆದರು ಎಂಬುದನ್ನು ನೋಡಬೇಕು. ಎಕ್ಸ್‌ಜಿ (ನಿರೀಕ್ಷಿತ ಗೋಲು) ಎಂದು ಈಗ ಎಲ್ಲರೂ ಹೇಳುವ ಲೆಕ್ಕದ ಸಾರವೂ ಇಷ್ಟೇ: ಪೆನಾಲ್ಟಿಯ ಒಂದು ಹೊಡೆತವನ್ನು ಅದು ಸುಮಾರು ಮುಕ್ಕಾಲು ಗೋಲಿನಷ್ಟೆಂದು ಹಿಡಿಯುತ್ತದೆ, ಬಲು ದೂರದ ಹೊಡೆತವನ್ನು ಗೋಲಿನ ಒಂದು ಸಣ್ಣ ಪಾಲೆಂದು. ಗೋಲುಕಂಬದ ಹತ್ತಿರದಿಂದ ವಾರವಾರ ಹೊಡೆದೂ ಗೋಲಾಗದವರು ನಮ್ಮ ಕೋಣೆಯಲ್ಲಿ ಹನ್ನೆರಡನೇ ಸುತ್ತಿಗೂ ಸಿಗುತ್ತಾರೆ. ಅಂಥವರನ್ನು ತೆಗೆದುಕೊಂಡು ನಾನು ಇದುವರೆಗೆ ಹೆಚ್ಚು ನಷ್ಟಪಟ್ಟಿಲ್ಲ.

ಋತುವಿನ ನಡುವೆ ಯಾರು ಇರುವುದಿಲ್ಲ ಎಂಬುದೂ ಮೊದಲೇ ತಿಳಿಯಬೇಕಾದ ವಿಷಯ. ಆಫ್ರಿಕಾ ಕಪ್ ಮೊರೊಕ್ಕೊದಲ್ಲಿ 2025ರ ಡಿಸೆಂಬರ್ 21ರಿಂದ 2026ರ ಜನವರಿ 18ರ ವರೆಗೆ ನಡೆಯಿತು. ಆ ದಿನಗಳಲ್ಲಿ ತಮ್ಮ ದೇಶಕ್ಕೆ ಆಡಲು ಹೋದವರ ಜಾಗದಲ್ಲಿ ಕ್ಲಬ್ಬಿಗೆ ಆಡುವವರು ಯಾರೆಂದು ನವೆಂಬರ್‌ನಲ್ಲಿಯೇ ಗುರುತು ಹಾಕಿಕೊಂಡವರು ನಮ್ಮಲ್ಲಿ ಒಬ್ಬರೇ.

ಫುಟ್‌ಬಾಲ್ ಕಾಸರಗೋಡಿಗೆ ಹೊರಗಿನಿಂದ ಮೊನ್ನೆ ಬಂದದ್ದಲ್ಲ. ಮೊಗ್ರಾಲಿನಲ್ಲಿ, ಕುಂಬಳೆಯಲ್ಲಿ, ತ್ರಿಕ್ಕರಿಪುರದಲ್ಲಿ ಅಜ್ಜಂದಿರ ಕಾಲದಿಂದ ಆಡುತ್ತಿದ್ದಾರೆ, ಅದನ್ನು ಆಡುವವರಲ್ಲಿ ಮನೆಯಲ್ಲಿ ಕನ್ನಡ, ತುಳು, ಬ್ಯಾರಿ, ಮರಾಠಿ ಮಾತನಾಡುವವರೂ ಇದ್ದಾರೆ. ಆದರೆ ಆಟವನ್ನು ಸೂಕ್ಷ್ಮವಾಗಿ ಚರ್ಚಿಸಬೇಕೆಂದಾಗ ನಮ್ಮ ಮಕ್ಕಳು ಮಲಯಾಳಕ್ಕೋ ಇಂಗ್ಲಿಷಿಗೋ ಹೊರಳುತ್ತಾರೆ. ಕನ್ನಡ ಪತ್ರಿಕೆಯಲ್ಲಿ ಅದಕ್ಕೆ ಬೇಕಾದ ಮಾತುಗಳೇ ದಿನಬಳಕೆಗೆ ಬಂದಿಲ್ಲ. ನನ್ನ ಅಕ್ಕನ ಮಗ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿದವನು, ಕಬಡ್ಡಿಯ ವರದಿಯನ್ನು ಇಂದಿಗೂ ತಮ್ಮ ಪತ್ರಿಕೆಯಲ್ಲಿ ಓದುತ್ತಾನೆ, ರೈಡರ್ ಎಷ್ಟು ಅಂಕ ತಂದ, ಟ್ಯಾಕ್ಲಿನಲ್ಲಿ ಎಷ್ಟು ಬಂತು ಎಂಬುದೆಲ್ಲ ಅದರಲ್ಲಿರುತ್ತದೆ. ಫುಟ್‌ಬಾಲಿನ ದಿನ ಪತ್ರಿಕೆಯ ಆ ಪುಟವನ್ನು ತಿರುವಿ ಹಾಕಿ ಮೊಬೈಲ್ ಹಿಡಿಯುತ್ತಾನೆ.

ಆದ್ದರಿಂದ ನಮ್ಮ ವಿನಂತಿ ಇಷ್ಟು. ಪ್ರತಿ ಸೋಮವಾರದ ಕ್ರೀಡಾಪುಟದಲ್ಲಿ ನಾಲ್ಕು ಬೆರಳಗಲ ಜಾಗವನ್ನು ಇದಕ್ಕೆಂದು ಬಿಡಿ. ಆ ವಾರದ ಎರಡು ಮುಖ್ಯ ಪಂದ್ಯಗಳಲ್ಲಿ ಎರಡೂ ತಂಡಗಳು ನಿಂತ ಚಿತ್ರ, ಯಾರು ಎಷ್ಟು ನಿಮಿಷ ಆಡಿದರು, ಪೆನಾಲ್ಟಿ ಮತ್ತು ಕಾರ್ನರ್ ಒದ್ದವರು ಯಾರು, ಗಾಯದಿಂದಲೋ ಕೆಂಪು ಕಾರ್ಡಿನಿಂದಲೋ ಮುಂದಿನ ವಾರ ಇಲ್ಲದವರು ಯಾರು ಎಂಬುದನ್ನು ಅಚ್ಚು ಹಾಕಿದರೆ ಸಾಕು. ಯಾರನ್ನು ಆರಿಸಬೇಕೆಂದು ಪತ್ರಿಕೆ ಹೇಳುವುದು ಬೇಡ, ಅದನ್ನು ನಾವು ನೋಡಿಕೊಳ್ಳುತ್ತೇವೆ. ಇದೇ ನಾಲ್ಕು ವಿವರಗಳನ್ನು ನಮ್ಮ ಜಿಲ್ಲೆಯ ಸೆವೆನ್ಸ್ ಪಂದ್ಯಗಳ ಫೈನಲಿಗೂ ಬರೆಯಲು ಸ್ಥಳೀಯ ವರದಿಗಾರರಿಗೆ ತಿಳಿಸಿದರೆ ಇನ್ನೂ ಒಳ್ಳೆಯದು. ಚಿತ್ರ ಬರೆಯುವುದಕ್ಕೆ ಜನ ಸಾಲದಿದ್ದರೆ ಭಾನುವಾರ ರಾತ್ರಿ ಕುಳಿತು ಅದನ್ನು ಬರೆದು ಕಳುಹಿಸಿಕೊಡಲು ನನ್ನ ಅಕ್ಕನ ಮಗನೂ ಅವನ ಗೆಳೆಯನೂ ಸಿದ್ಧರಿದ್ದಾರೆ, ಸಂಭಾವನೆ ಬೇಡವೆಂದು ಇಬ್ಬರೂ ಹೇಳಿದ್ದಾರೆ. ಮುಂದಿನ ಡ್ರಾಫ್ಟ್ ಆಗಸ್ಟ್‌ನಲ್ಲಿದೆ, ಅದಕ್ಕೆ ಮೊದಲು ತಮ್ಮ ಉತ್ತರ ಬಂದರೆ ಉಪಕಾರವಾದೀತು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಹಳೆಯ ಓದುಗ
ಪೆರ್ಲ, ಕಾಸರಗೋಡು ಜಿಲ್ಲೆ